ಸಂಜೆ ಹೊತ್ತು ಸಭಾಗೃಹದ ಬಾಗಿಲು ತೆಗೆಯಿರಿ: ಮುಂಬಯಿಯ ಕನ್ನಡ ಸಂಘಗಳಿಗೊಂದು ಬಹಿರಂಗ ಪತ್ರ

ಮುಂಬಯಿ ಮತ್ತು ಉಪನಗರಗಳ ಕನ್ನಡ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು, ಕೋಶಾಧಿಕಾರಿಗಳು ಮತ್ತು ಸಮಿತಿಯ ಎಲ್ಲ ಹಿರಿಯರಿಗೆ ಗೌರವದ ನಮಸ್ಕಾರ.

ನಾನು ಫೋರ್ಟ್ ಕಡೆಯ ಒಂದು ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುವವನು. ಊರು ಕುಂದಾಪುರದ ಹತ್ತಿರ, ಮನೆ ಡೊಂಬಿವಲಿ ಪೂರ್ವ. 1994ರಲ್ಲಿ, 15 ವರ್ಷದವನಿದ್ದಾಗ ಮಾವನ ಜೊತೆ ಇಲ್ಲಿಗೆ ಬಂದೆ. ಲೋಟ ತೊಳೆಯುವುದರಿಂದ ಶುರು ಮಾಡಿ ಗಲ್ಲೆಯವರೆಗೆ ಬಂದಿದ್ದೇನೆ. ನಿಮ್ಮ ಸಂಘಗಳಲ್ಲಿ ಒಂದಕ್ಕೆ ಸದಸ್ಯನಾಗಿ 18 ವರ್ಷ ಆಯಿತು. ಯಾವ ಸಂಘ ಎಂದು ಬರೆಯುವುದಿಲ್ಲ. ಒಂದು ಸಂಘದ ಮೇಲೆ ದೂರು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ, ನಾನು ನೋಡಿದ್ದೇ ಬೇರೆ ಕಡೆಯೂ ನಡೆಯುತ್ತಿದೆ ಎಂದು ಬೇರೆ ಹೋಟೆಲಿನ ಗೆಳೆಯರೂ ಹೇಳುತ್ತಾರೆ.

ವಿಷಯ ಮೊಬೈಲ್ ಆಟದ್ದು. ನಮ್ಮ ಮಕ್ಕಳ ಆಟ, ನಮ್ಮ ಹೋಟೆಲ್ ಹುಡುಗರ ಆಟ, ಎರಡೂ.

ಕಳೆದ ವರ್ಷ ಒಂದು ಭಾನುವಾರ ನಮ್ಮ ಸಂಘದಲ್ಲಿ ಮಕ್ಕಳು ಮತ್ತು ಮೊಬೈಲ್ ಎಂಬ ವಿಷಯದ ಮೇಲೆ ಉಪನ್ಯಾಸ ಇಟ್ಟಿದ್ದರು. ನಾನು ರಜೆ ಹಾಕಿ ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ಹೋದೆ. ಮಗನಿಗೆ ಆಗ 15. ಬರುವುದಿಲ್ಲ ಎಂದು ಹಟ ಹಿಡಿದಿದ್ದ, ಅವನಮ್ಮ ಹೇಗೋ ಒಪ್ಪಿಸಿದ್ದಳು. ದೀಪ ಬೆಳಗಿಸಿದರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ ಎಲ್ಲ ಆಯಿತು. ಆಮೇಲೆ ಬಂದವರು ಮುಕ್ಕಾಲು ಗಂಟೆ ಮಾತಾಡಿದರು. ಮೊಬೈಲ್ ಒಂದು ಮಾರಿ, ಈಗಿನ ಮಕ್ಕಳಿಗೆ ಶಿಸ್ತಿಲ್ಲ, ತಾಯಂದಿರು ಮೊದಲು ಧಾರಾವಾಹಿ ಬಿಡಬೇಕು ಎಂದರು. ಕೊನೆಯ ಸಾಲಿನಲ್ಲಿ ಏಳೆಂಟು ಮಕ್ಕಳು ತಲೆ ತಗ್ಗಿಸಿ ಕೂತಿದ್ದರು, ಎಲ್ಲರ ಮುಖದ ಮೇಲೂ ಫೋನಿನ ಬೆಳಕು. ಆ ಮಕ್ಕಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಏನು ಆಡ್ತಿದ್ದೀರಿ, ಯಾಕೆ ಅದು ಇಷ್ಟ, ಯಾರ ಜೊತೆ ಆಡ್ತೀರಿ, ಏನೂ ಇಲ್ಲ. ಶಾಲು ಹೊದಿಸಿದರು, ವಂದನಾರ್ಪಣೆ ಆಯಿತು, ಊಟಕ್ಕೆ ಎದ್ದೆವು.

ಊಟಕ್ಕೆ ಉದ್ದದ ಟೇಬಲ್ ಹಾಕಿ ಬಿಳಿ ಬಟ್ಟೆ ಹೊದಿಸಿದ್ದರು. ಮೇಲೆ ಪಲಾವ್, ಕೇಸರಿಬಾತ್, ಹಪ್ಪಳದ ಬುಟ್ಟಿ. ಮಗ ತಟ್ಟೆ ಹಿಡಿದುಕೊಂಡು ನಿಂತವನು ಬಟ್ಟೆಯ ತುದಿ ಎತ್ತಿ ನೋಡಿದ. ಹಸಿರು ಹಲಗೆ, ಅಂಚಿಗೆ ಬಿಳಿ ಗೆರೆ. "ಅಪ್ಪಯ್ಯ, ಇದು ಟಿಟಿ ಟೇಬಲ್ ಅಲ್ವಾ?" ಎಂದ. ಎಷ್ಟೋ ತಿಂಗಳ ಮೇಲೆ ಅವನಾಗಿಯೇ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಊಟ ಮುಗಿಸಿ ವಾಚ್‌ಮನ್ ಹತ್ತಿರ ವಿಚಾರಿಸಿದೆ. ಯಾರೋ ದಾನಿಗಳು ಕೊಟ್ಟಿದ್ದಂತೆ. ಬ್ಯಾಟು, ನೆಟ್ಟು ಎಲ್ಲ ಕಪಾಟಿನಲ್ಲಿ ಇವೆ. ಎರಡು ಕೇರಂ ಬೋರ್ಡೂ ಇವೆ, ಕುರ್ಚಿಗಳ ಹಿಂದೆ ಗೋಡೆಗೆ ಒರಗಿಸಿದ್ದವು, ಪ್ಲಾಸ್ಟಿಕ್ ಹೊದಿಕೆ ಸಮೇತ. ಕಪಾಟಿನ ಚಾವಿ ಎಲ್ಲಿ ಎಂದರೆ ಸಮಿತಿಯವರ ಹತ್ತಿರ ಎಂದ. ಯಾವಾಗ ತೆಗೆಯುತ್ತಾರೆ ಎಂದರೆ, ವರ್ಷಕ್ಕೊಮ್ಮೆ ಕ್ರೀಡಾಕೂಟಕ್ಕೆ ಎಂದ.

ಈ ಪತ್ರ ಬರೆಯಬೇಕು ಅನ್ನಿಸಿದ್ದು ಅಲ್ಲೇ. ಬರೆಯಲು ಇಷ್ಟು ದಿನ ಬೇಕಾಯಿತು, ಏಕೆಂದರೆ ನಮ್ಮ ಮನೆಯ ವಿಷಯವನ್ನು ಹತ್ತು ಜನರ ಮುಂದೆ ಇಡಬೇಕಲ್ಲ. ಮಗನ ಹತ್ತಿರ ಕೇಳಿದೆ. ಹೆಸರು ಹಾಕಬೇಡ, ಉಳಿದದ್ದು ಬರಿ ಎಂದ.

2020ರ ಲಾಕ್‌ಡೌನಿನಲ್ಲಿ ಅವನ ಕೈಗೆ ಫೋನ್ ಬಂತು. ಕೊಟ್ಟಿದ್ದು ನಾವೇ, ಶಾಲೆ ಫೋನಿನಲ್ಲಿ ನಡೆಯುತ್ತಿತ್ತು, ಕೊಡದೆ ಗತಿ ಇರಲಿಲ್ಲ. ಹೋಟೆಲ್ ಮುಚ್ಚಿತ್ತು, ನಾನೂ ಮನೆಯಲ್ಲೇ ಇದ್ದೆ. ಅವನು ಮೂಲೆಯಲ್ಲಿ ಸುಮ್ನೆ ಕೂತು ಆಡುತ್ತಿದ್ದರೆ ನನಗೂ ಅವನಮ್ಮನಿಗೂ ಒಂದು ನಮೂನೆ ನೆಮ್ಮದಿಯೇ ಆಗಿತ್ತು. ಆ ವರ್ಷ ಸೆಪ್ಟೆಂಬರ್ 2ಕ್ಕೆ ಸರಕಾರ ಪಬ್‌ಜಿ ಎಂಬ ಮೊಬೈಲ್ ಆಟ ಸೇರಿ 118 ಆ್ಯಪ್ ನಿಷೇಧಿಸಿದಾಗ ನಮ್ಮ ಕಟ್ಟಡದ ಎಲ್ಲ ತಾಯಂದಿರೂ ಇನ್ನು ಪೀಡೆ ತೊಲಗಿತು ಎಂದುಕೊಂಡರು. ಮಕ್ಕಳು ವಾರದೊಳಗೆ ಬೇರೆ ಆಟಕ್ಕೆ ಹೋದರು. ಅಷ್ಟೇ ಆಗಿದ್ದು.

ಒಂಬತ್ತನೇ ತರಗತಿಗೆ ಬರುವಷ್ಟರಲ್ಲಿ ವಿಷಯ ಕೈಮೀರಿತ್ತು. ನಾನು ಗಲ್ಲೆ ಮುಚ್ಚಿ, ಲೆಕ್ಕ ಒಪ್ಪಿಸಿ, ಲೋಕಲ್ ಹಿಡಿದು ಮನೆ ಸೇರುವಾಗ ರಾತ್ರಿ ಹನ್ನೆರಡೂವರೆ ಆಗುತ್ತದೆ. ನಮ್ಮದು ವನ್ ರೂಮ್ ಕಿಚನ್. ಬಾಗಿಲು ತೆಗೆದರೆ ಕತ್ತಲು, ಮೂಲೆಯಲ್ಲಿ ಒಂದು ಹೊದಿಕೆ, ಹೊದಿಕೆಯ ಒಳಗೆ ನೀಲಿ ಬೆಳಕು. ನನ್ನ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಬೆಳಕು ಆರುತ್ತಿತ್ತು. ನಾನು ಏನೂ ಹೇಳದೆ ಕೈಕಾಲು ತೊಳೆದು ಮಲಗುತ್ತಿದ್ದೆ. ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಮನೆಯಲ್ಲಿ ಜಗಳ ಆಡುವ ಶಕ್ತಿ ಇರುತ್ತಿರಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ. ಒಂದು ರಾತ್ರಿ ನಿಜವಾಗಿ ನಿದ್ದೆ ಮಾಡುತ್ತಿದ್ದ, ಫೋನ್ ದಿಂಬಿನ ಪಕ್ಕಕ್ಕೆ ಜಾರಿತ್ತು. ಎದೆಯ ಮೇಲಿದ್ದ ಎರಡು ಕೈಗಳ ಹೆಬ್ಬೆರಳು ಮಾತ್ರ ಅಲುಗುತ್ತಿದ್ದವು. ಎಡಗೈಯದು ಸಣ್ಣಗೆ ಸುತ್ತುತ್ತಿತ್ತು, ಬಲಗೈಯದು ಕುಟ್ಟುತ್ತಿತ್ತು. ಅವನಮ್ಮನನ್ನು ಎಬ್ಬಿಸಿ ತೋರಿಸಿದೆ. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತೆವು.

ಆಮೇಲೆ ದುಡ್ಡಿನ ವಿಷಯ ಗೊತ್ತಾಯಿತು. ಅವನಮ್ಮನ ಫೋನಿನಿಂದ ನಾಲ್ಕು ತಿಂಗಳಲ್ಲಿ 11,400 ರೂಪಾಯಿ ಹೋಗಿತ್ತು. ಒಮ್ಮೆಲೇ ಅಲ್ಲ, ನೂರು, ನೂರೈವತ್ತು ಹೀಗೆ. ಪಿನ್ ಹೇಗೆ ಗೊತ್ತಾಯ್ತು ಎಂದು ಕೇಳಿದೆ. ಅವಳು ಅಳುತ್ತಾ ಹೇಳಿದಳು, ಪಿನ್ ಇಟ್ಟಿದ್ದೇ ಅವನು ಹುಟ್ಟಿದ ವರ್ಷ.

ಆ ದುಡ್ಡು ಏನಾಯಿತು ಎಂದು ಮಗನನ್ನೇ ಕೂರಿಸಿಕೊಂಡು ಕೇಳಿದೆ. ಬೈಯದೆ ಕೇಳಿದ್ದರಿಂದ ಹೇಳಿದ. ನಿಮಗೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ, ಏಕೆಂದರೆ ವೇದಿಕೆಯಲ್ಲಿ ಮಾತಾಡಿದವರಿಗೆ ಇದು ತಿಳಿದ ಹಾಗೆ ಕಾಣಲಿಲ್ಲ. ನೂರು ಜನ ಒಂದು ದ್ವೀಪಕ್ಕೆ ಇಳಿದು ಕೊನೆಗೆ ಒಂದು ತಂಡ ಉಳಿಯುವ ಆಟ. ಒಂದು ಮ್ಯಾಚ್ ಸುಮಾರು ಅರ್ಧ ಗಂಟೆ. ನಡುವೆ ಎದ್ದರೆ ನಿನ್ನ ತಂಡದ ಮೂವರಿಗೆ ನಷ್ಟ, ಹಾಗಾಗಿ ಅಮ್ಮ ಊಟಕ್ಕೆ ಕರೆದರೆ ಏಳಲು ಆಗುವುದಿಲ್ಲ, ಅನ್ನ ಆರಿ ತಣ್ಣಗಾಗುತ್ತದೆ. ಆಟ ಬಿಟ್ಟು ಕೂತರೆ ಬೇರೆಯವರು ಮೇಲೆ ಹೋಗುತ್ತಾರೆ, ಎರಡು ತಿಂಗಳಿಗೊಮ್ಮೆ ಹೊಸ ಸೀಸನ್ ಬಂದು ಗಳಿಸಿದ ರ‍್ಯಾಂಕ್ ಕೆಳಗಿಳಿಯುತ್ತದೆ, ಮತ್ತೆ ಮೊದಲಿನಿಂದ ಹತ್ತಬೇಕು. ದಿನಾ ಬಂದರೆ ದಿನಾ ಒಂದು ಬಹುಮಾನ. ಅದರ ಜೊತೆಗೆ ಕ್ರೇಟ್ ಎಂಬ ಪೆಟ್ಟಿಗೆ. ದುಡ್ಡು ಕೊಟ್ಟು ಪೆಟ್ಟಿಗೆ ತೆರೆಯಬೇಕು, ಒಳಗೆ ಏನು ಬರುತ್ತದೆ ಎಂದು ಗೊತ್ತಿಲ್ಲ, ಒಳ್ಳೆಯ ಬಂದೂಕಿನ ಬಣ್ಣವೋ ಬಟ್ಟೆಯೋ ಯಾವಾಗಲೋ ಒಮ್ಮೆ ಸಿಗುತ್ತದೆ. ಜಾತ್ರೆಯಲ್ಲಿ ಚಕ್ರ ತಿರುಗಿಸಿ ಬಕೆಟ್ ಗೆಲ್ಲುವ ಅಂಗಡಿ ಇರುತ್ತದಲ್ಲ, ಹಾಗೆ. ಬೆಲ್ಜಿಯಂ ದೇಶ 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜು ಎಂದು ಹೇಳಿ ನಿಲ್ಲಿಸಿತು. ದೊಡ್ಡವರಾದ ನಾವೇ ಜಾತ್ರೆಯ ಚಕ್ರದ ಮುಂದೆ ಇನ್ನೊಂದು ಸಲ, ಇನ್ನೊಂದು ಸಲ ಎನ್ನುತ್ತಾ ನಿಂತವರು. ಹದಿನೈದು ವರ್ಷದ ಹುಡುಗನಿಗೆ ಶಿಸ್ತಿಲ್ಲ ಎಂದು ಬೈದು ಏನು ಪ್ರಯೋಜನ?

ಅದಕ್ಕಿಂತ ನನ್ನನ್ನು ತಟ್ಟಿದ್ದು ಬೇರೆ ಮಾತು. ಯಾರ ಜೊತೆ ಆಡ್ತಿ ಎಂದು ಕೇಳಿದೆ. ನಾಲ್ಕು ಜನರ ತಂಡ. ಒಬ್ಬ ನಾಲಾಸೋಪಾರಾದವನು, ಒಬ್ಬ ಪುಣೆಯವನು, ಇನ್ನೊಬ್ಬ ಹುಬ್ಬಳ್ಳಿಯವನು. ಹುಬ್ಬಳ್ಳಿಯ ಹುಡುಗನ ಜೊತೆ ಕನ್ನಡದಲ್ಲೇ ಮಾತು. "ಅಲ್ಲಿ ರಾತ್ರಿ ಹತ್ತಕ್ಕೆ ಮೂರು ಜನ ನನ್ನ ದಾರಿ ಕಾಯ್ತಾರೆ ಅಪ್ಪಯ್ಯ. ಇಲ್ಲಿ ಯಾರು ಕಾಯ್ತಾರೆ?" ಎಂದ.

ಕನ್ನಡ ಸಂಘದ ಹಿರಿಯರೇ, ಈ ಮಾತನ್ನು ದಯವಿಟ್ಟು ಒಂದು ಕ್ಷಣ ಯೋಚಿಸಿ. ನನ್ನ ಮಗ ಇಂಗ್ಲಿಷ್ ಶಾಲೆಗೆ ಹೋಗುತ್ತಾನೆ, ಕಟ್ಟಡದಲ್ಲಿ ಮರಾಠಿ, ಹಿಂದಿ. ಮನೆಯ ಹೊರಗೆ ಅವನು ತನ್ನ ವಯಸ್ಸಿನವನ ಜೊತೆ ಕನ್ನಡದಲ್ಲಿ ನಗುವುದು, ಜಗಳ ಆಡುವುದು, ಸಮಾಧಾನ ಹೇಳುವುದು ಆ ಆಟದೊಳಗೆ ಮಾತ್ರ. ನಮ್ಮ ಸಂಘದಲ್ಲಿ ಅವನ ವಯಸ್ಸಿನವರಿಗೆ ಕನ್ನಡ ಮಾತಾಡಲು ಇರುವ ಜಾಗ ಎಂದರೆ ವಾರ್ಷಿಕೋತ್ಸವದ ಭಾಷಣ ಸ್ಪರ್ಧೆ.

ಅವನನ್ನು ಒಂದು ಸರಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಹೋಗುವ ಮೊದಲು ನನ್ನ ಹೆಂಡತಿ, ಯಾರಿಗಾದರೂ ಗೊತ್ತಾದರೆ ಏನಂದಾರು ಎಂದು ಎರಡು ವಾರ ಹಿಂದೆಮುಂದೆ ನೋಡಿದಳು. ಡಾಕ್ಟರು ಒಳ್ಳೆಯವರು. ಜಾಸ್ತಿ ಆಡುವವರೆಲ್ಲ ರೋಗಿಗಳಲ್ಲ ಎಂದರು. ವಿಶ್ವ ಆರೋಗ್ಯ ಸಂಸ್ಥೆ ಆಟದ ಚಟವನ್ನು ರೋಗಗಳ ಪಟ್ಟಿಗೆ ಸೇರಿಸಿದೆ, 2019ರಲ್ಲಿ ಒಪ್ಪಿಗೆಯಾಗಿ 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಅದರಲ್ಲಿ ಎಷ್ಟು ಗಂಟೆ ಆಡಿದರೆ ರೋಗ ಎಂಬ ಲೆಕ್ಕ ಇಲ್ಲ. ಮೂರು ವಿಷಯ ನೋಡುತ್ತಾರೆ: ಶುರು ಮಾಡುವುದು ನಿಲ್ಲಿಸುವುದು ತನ್ನ ಕೈಯಲ್ಲಿ ಇಲ್ಲದಿರುವುದು, ಊಟ ನಿದ್ದೆ ಓದು ಗೆಳೆಯರು ಎಲ್ಲಕ್ಕಿಂತ ಆಟವೇ ಮುಂದೆ ಬರುವುದು, ಕೆಟ್ಟದ್ದಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು. ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಂಡರೆ ಆಗ ರೋಗ ಎನ್ನುತ್ತಾರೆ. ನನ್ನ ಮಗ ಗಡಿಯ ಹತ್ತಿರ ಇದ್ದಾನೆ, ದಾಟಿಲ್ಲ ಎಂದರು. ಆಮೇಲೆ ಅವರು ನಮ್ಮನ್ನೇ ಕೇಳಿದರು, ಫೋನ್ ಕಸಿದುಕೊಂಡರೆ ಸಂಜೆ ಏಳರಿಂದ ಹತ್ತರವರೆಗೆ ಇವನು ಎಲ್ಲಿ ಇರುತ್ತಾನೆ, ಯಾರ ಜೊತೆ ಇರುತ್ತಾನೆ?

ನಮ್ಮ ಹತ್ತಿರ ಉತ್ತರ ಇರಲಿಲ್ಲ. ನೀವೇ ಹೇಳಿ, ಎಲ್ಲಿ ಇರಬೇಕು? ಕಟ್ಟಡದ ಕೆಳಗೆ ಬೈಕುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ, ಗೋಡೆಯ ಮೇಲೆ ಮಕ್ಕಳು ಚೆಂಡು ಆಡಬಾರದು ಎಂದು ಮರಾಠಿಯಲ್ಲಿ ಬೋರ್ಡು. ಮೈದಾನಕ್ಕೆ ಹೋಗಲು ಸ್ಟೇಶನ್ನಿನ ಆಚೆ ದಾಟಬೇಕು, ಅಲ್ಲಿ ಕ್ರಿಕೆಟ್ ಅಕಾಡೆಮಿಯವರು ನೆಟ್ ಕಟ್ಟಿದ್ದಾರೆ, ತಿಂಗಳಿಗೆ ಫೀ. ಮನೆಯಲ್ಲಿ ಅಜ್ಜಿ, ಅವನಮ್ಮ, ಒಂದು ಟಿವಿ, ಒಂದು ಮಂಚ. ಫೋನಿನೊಳಗೆ ಅವನಿಗೆ ಓಡಲು ಒಂದು ದ್ವೀಪ ಇದೆ.

ಈಗ ಹೋಟೆಲ್ ಹುಡುಗರ ಮಾತು. ಇದನ್ನು ಬಿಟ್ಟರೆ ಪತ್ರ ಅರ್ಧವಾಗುತ್ತದೆ, ಏಕೆಂದರೆ ನಿಮ್ಮಲ್ಲಿ ಹೆಚ್ಚಿನವರು ಹೋಟೆಲ್ ಮಾಲಕರು.

2024ರಲ್ಲಿ ನಮ್ಮಲ್ಲಿ ಬೈಂದೂರು ಕಡೆಯ ಒಬ್ಬ ಸಪ್ಲಾಯರ್ ಇದ್ದ. 22 ವರ್ಷ. ಚುರುಕು ಹುಡುಗ, ಆರು ಟೇಬಲ್ಲಿನ ಆರ್ಡರ್ ಬರೆದುಕೊಳ್ಳದೆ ನೆನಪಿಡುತ್ತಿದ್ದ. ಕೆಲಸ ಮುಗಿದ ಮೇಲೆ ಉಗ್ರಾಣದಲ್ಲಿ ಈರುಳ್ಳಿ ಮೂಟೆಯ ಮೇಲೆ ಕೂತು ಫೋನಿನಲ್ಲಿ ರಮ್ಮಿ ಆಡುತ್ತಿದ್ದ. ಮೊದಲ ವಾರ 3,000 ಗೆದ್ದು ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಿದ. ಆಮೇಲೆ ಸಂಬಳದ ಅಡ್ವಾನ್ಸ್ ಕೇಳಲು ಶುರುಮಾಡಿದ. ಭಟ್ಟರ ಹತ್ತಿರ, ಕ್ಲೀನರ್ ಹುಡುಗನ ಹತ್ತಿರ, ಎದುರಿನ ಪಾನ್ ಅಂಗಡಿಯವನ ಹತ್ತಿರ ಎಲ್ಲ ಸಾಲ. ಒಂದು ದಿನ ಗಲ್ಲೆಯ ಫೋನಿಗೆ ಅವನ ಅಮ್ಮನ ಕರೆ ಬಂತು. "ಅಣ್ಣಾ, ನಿಮ್ಮ ಹೋಟೆಲಿನಲ್ಲಿ ಐದು ತಿಂಗಳಿಂದ ಸಂಬಳ ಕೊಡಲಿಲ್ಲ ಅಂತೆ, ಹೌದಾ?" ಎಂದು ಕೇಳಿದರು. ಕೋಪ ಇಲ್ಲ ಆ ಸ್ವರದಲ್ಲಿ, ಹೆದರಿಕೆ ಮಾತ್ರ. ನನಗೆ ಮಾತೇ ಹೊರಡಲಿಲ್ಲ. ಸಂಜೆ ಅವನನ್ನು ಕೂರಿಸಿ ಲೆಕ್ಕ ತೆಗೆದೆವು, ಎಂಟು ತಿಂಗಳಲ್ಲಿ 1,40,000 ಹೋಗಿತ್ತು. ಎರಡು ದಿನ ಬಿಟ್ಟು ಬೆಳಿಗ್ಗೆ ಬ್ಯಾಗು ತೆಗೆದುಕೊಂಡು ಹೋದವನು ತಿರುಗಿ ಬರಲಿಲ್ಲ. ಈಗ ಊರಿನಲ್ಲಿ ಅಡಿಕೆ ಸುಲಿಯಲು ಹೋಗುತ್ತಾನೆ, ಕ್ಲೀನರ್ ಹುಡುಗನ ಸಾಲವನ್ನು ಸ್ವಲ್ಪ ಸ್ವಲ್ಪವೇ ತೀರಿಸುತ್ತಿದ್ದಾನೆ.

2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾನೂನು ಮಾಡಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಪೂರ್ತಿ ನಿಷೇಧ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡಿದರೂ ಶಿಕ್ಷೆ, ಬ್ಯಾಂಕುಗಳು ಆ ಹಣ ಸಾಗಿಸುವಂತಿಲ್ಲ. ಆಡಿ ಸೋತವನಿಗೆ ಶಿಕ್ಷೆ ಇಲ್ಲ, ಅದು ನ್ಯಾಯ. ಈ ಕಾನೂನು ಒಂದು ವರ್ಷ ಮೊದಲು ಬಂದಿದ್ದರೆ ಆ ಹುಡುಗ ಇವತ್ತೂ ನಮ್ಮಲ್ಲಿ ಇರುತ್ತಿದ್ದ ಎಂದು ನನಗೆ ಅನ್ನಿಸುತ್ತದೆ. ಆದರೆ ಅಟ್ಟದ ಮೇಲೆ ಮಲಗುವ ಉಳಿದ ಹುಡುಗರು ಏನೂ ಬದಲಾಗಿಲ್ಲ. ರಮ್ಮಿ ಹೋಯಿತು, ಬೇರೆ ಆಟ ಇದೆ. ಅದರಲ್ಲಿ ದುಡ್ಡು ಹೋಗುವುದಿಲ್ಲ, ನಿದ್ದೆ ಹೋಗುತ್ತದೆ. ರಾತ್ರಿ ಒಂದಕ್ಕೆ ಮಲಗಿ ಬೆಳಿಗ್ಗೆ ಐದೂವರೆಗೆ ಏಳಬೇಕಾದವರು ಮೂರರವರೆಗೆ ಎದ್ದಿರುತ್ತಾರೆ. ಕಳೆದ ತಿಂಗಳು ಒಬ್ಬ ಕಣ್ಣು ತೂಗಿ ಕುದಿಯುವ ಸಾಂಬಾರು ಕೈಮೇಲೆ ಚೆಲ್ಲಿಕೊಂಡ.

ಕಾನೂನು ಬೇಡ ಎನ್ನುತ್ತಿಲ್ಲ. ಕಾನೂನಿನಿಂದ ಎಷ್ಟು ಆಗುತ್ತದೆ ಎಂದು ಸ್ವಲ್ಪ ಓದಿ ನೋಡಿದೆ. ದಕ್ಷಿಣ ಕೊರಿಯಾದಲ್ಲಿ 2011ರಿಂದ 16 ವರ್ಷದೊಳಗಿನ ಮಕ್ಕಳಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಆಟ ಬಂದ್ ಮಾಡಿದ್ದರು. ಮಕ್ಕಳು ಅಪ್ಪ ಅಮ್ಮನ ಹೆಸರಿನಲ್ಲಿ ಒಳಗೆ ಹೋದರು. ಹತ್ತು ವರ್ಷದ ಮೇಲೆ 2021ರಲ್ಲಿ ಆ ಕಾನೂನು ತೆಗೆಯಲು ತೀರ್ಮಾನಿಸಿದರು. ಅದೇ ವರ್ಷ ಚೀನಾ ಇನ್ನೂ ಬಿಗಿ ಮಾಡಿತು, ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜೆಯ ದಿನ ಮಾತ್ರ ರಾತ್ರಿ ಎಂಟರಿಂದ ಒಂಬತ್ತು. ಗಡಿಯಾರಕ್ಕೆ ಬೀಗ ಹಾಕಬಹುದು. ಸಂಜೆ ಏಳಕ್ಕೆ ಮಗು ಎಲ್ಲಿ ಹೋಗಬೇಕು ಎಂಬುದಕ್ಕೆ ದೆಹಲಿಯಲ್ಲಿ ಉತ್ತರ ಸಿಗುವುದಿಲ್ಲ. ಅದು ನಮ್ಮ ನಿಮ್ಮ ಬಡಾವಣೆಯಲ್ಲೇ ಸಿಗಬೇಕು.

ನಿಮ್ಮ ಹತ್ತಿರವೇ ಏಕೆ ಕೇಳುತ್ತೇನೆ ಎಂದರೆ, ಇದನ್ನು ನೀವು ಒಮ್ಮೆ ಮಾಡಿ ತೋರಿಸಿದವರು. ನಾನು ಬಂದಾಗ ಫೋರ್ಟಿನಲ್ಲಿ ಕನ್ನಡ ರಾತ್ರಿ ಶಾಲೆ ಇತ್ತು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಅಂಗಿ ಬದಲಿಸಿ ಶಾಲೆಗೆ ಓಡುತ್ತಿದ್ದೆವು. ಕೈಗೆ ಸೋಪಿನ ವಾಸನೆ ಇರುತ್ತಿತ್ತು, ನಮ್ಮ ಪಕ್ಕದಲ್ಲಿ ಕೂತವನಿಗೂ ಅದೇ ವಾಸನೆ, ಹಾಗಾಗಿ ನಾಚಿಕೆ ಇರಲಿಲ್ಲ. ನಾನು ಹತ್ತನೇ ತರಗತಿ ಪಾಸಾಗಿದ್ದು ಅಲ್ಲಿ. ಆ ಬೆಂಚಿನಲ್ಲಿ ಕೂತವರು ಬ್ಯಾಂಕಿಗೆ ಹೋದರು, ವಕೀಲರಾದರು, ಸ್ವಂತ ಹೋಟೆಲ್ ಮಾಡಿದರು. ನಿಮ್ಮಲ್ಲೇ ಅಂಥವರು ಇದ್ದೀರಿ. ಭಾನುವಾರ ಬೆಳಿಗ್ಗೆ ಕ್ರಾಸ್ ಮೈದಾನದಲ್ಲಿ ನಮ್ಮದೊಂದು ಕ್ರಿಕೆಟ್ ತಂಡ, ಮಧ್ಯಾಹ್ನ ಸಂಘದ ಕೋಣೆಯಲ್ಲಿ ಕೇರಂ. ಆಗಲೂ ಕೆಟ್ಟದ್ದು ಇತ್ತು. ಮಟ್ಕಾ ಇತ್ತು, ಇಸ್ಪೀಟು ಇತ್ತು. ಹೋದವರು ಹೋದರು, ಆದರೆ ಹೋಗದೆ ಇರಲು ನಮಗೆ ಒಂದು ಜಾಗ ಇತ್ತು. ಅಲ್ಲಿ ಒಬ್ಬ ಮೇಷ್ಟ್ರು ನಾನು ಎರಡು ದಿನ ಬಾರದಿದ್ದರೆ ಹೋಟೆಲಿಗೇ ಬಂದು, ಮಾಣಿ ಎಲ್ಲಿ ಎಂದು ಕೇಳುತ್ತಿದ್ದರು.

ಅಂದಿನ ಸಂಘಕ್ಕೆ ಸ್ವಂತ ಕಟ್ಟಡ ಇರಲಿಲ್ಲ, ಬಾಡಿಗೆ ಕೋಣೆ. ಇವತ್ತು ದೇವರ ದಯೆಯಿಂದ ಎಷ್ಟು ಒಳ್ಳೆಯ ಸಭಾಗೃಹಗಳಾಗಿವೆ. ಅದಕ್ಕೆ ನೀವು ಪಟ್ಟ ಕಷ್ಟ ನನಗೆ ಗೊತ್ತು, ರಶೀದಿ ಪುಸ್ತಕ ಹಿಡಿದು ನಾನೂ ಅಂಗಡಿ ಅಂಗಡಿ ತಿರುಗಿದ್ದೇನೆ. ನನ್ನ ವಾರದ ರಜೆ ಮಂಗಳವಾರ. ಇದನ್ನು ಬರೆಯುವ ಮೊದಲು ಐದು ಮಂಗಳವಾರ ಸಂಜೆ ನಮ್ಮ ಸಭಾಗೃಹದ ಹತ್ತಿರ ಹೋಗಿ ನೋಡಿದೆ. ಐದು ಸಲವೂ ಬೀಗ. ಹೊರಗಿನ ಮೆಟ್ಟಿಲ ಮೇಲೆ ಮೂರು ಹುಡುಗರು ಕೂತಿದ್ದರು, ಅಲ್ಲಿ ಬೀದಿ ದೀಪದ ಬೆಳಕು ಇದೆ, ಗಾಳಿ ಇದೆ. ಮೂವರೂ ಫೋನಿನಲ್ಲಿ ಆಡುತ್ತಿದ್ದರು. ಅವರ ಬೆನ್ನ ಹಿಂದೆ ಬಾಗಿಲು, ಬಾಗಿಲಿನ ಆಚೆ ಕೇರಂ ಬೋರ್ಡು.

ನಾನು ಕೇಳುವುದು ದೊಡ್ಡದಲ್ಲ. ಬುಕಿಂಗ್ ಇಲ್ಲದ ದಿನ ಸಂಜೆ ಆರರಿಂದ ಒಂಬತ್ತೂವರೆವರೆಗೆ ಸಭಾಗೃಹ ತೆರೆದಿಡಿ. ಟಿಟಿ ಟೇಬಲ್ಲಿನ ಮೇಲಿನ ಬಟ್ಟೆ ತೆಗೆಯಿರಿ. ಯಾರು ಬೇಕಾದರೂ ಬರಲಿ, ಸದಸ್ಯರ ಮಕ್ಕಳು, ಸದಸ್ಯರಲ್ಲದವರ ಮಕ್ಕಳು, ಕನ್ನಡ ಬಾರದ ಪಕ್ಕದ ಮನೆಯ ಮಕ್ಕಳೂ. ಮದುವೆಯ ದಿನ, ಮುಂಜಿಯ ದಿನ ಮುಚ್ಚಿ, ಬಾಡಿಗೆಯಿಂದಲೇ ಸಂಘ ನಡೆಯುವುದು ಎಂದು ಗೊತ್ತಿದೆ. ಕರೆಂಟ್ ಬಿಲ್ ಯಾರು ಕೊಡುತ್ತಾರೆ ಎಂದು ಸಭೆಯಲ್ಲಿ ಕೇಳುತ್ತೀರಿ. ಎರಡು ಟ್ಯೂಬ್‌ಲೈಟ್, ನಾಲ್ಕು ಫ್ಯಾನ್. ಒಂದು ಸನ್ಮಾನದ ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕದ ಖರ್ಚಿನಲ್ಲಿ ಎಷ್ಟು ಸಂಜೆ ಆ ದೀಪ ಉರಿಯಬಹುದು ಎಂದು ಕೋಶಾಧಿಕಾರಿಗಳು ದಯವಿಟ್ಟು ಲೆಕ್ಕ ಹಾಕಿ ನೋಡಲಿ. ಸಾಮಾನು ಹಾಳಾಗುತ್ತದೆ ಎಂಬ ಮಾತೂ ಬರುತ್ತದೆ. ಹೌದು, ಬ್ಯಾಟು ಸವೆಯುತ್ತದೆ, ಸ್ಟ್ರೈಕರ್ ಕಳೆದುಹೋಗುತ್ತದೆ. ಕಪಾಟಿನೊಳಗೆ ರಬ್ಬರ್ ಒಣಗಿ ಬಿರುಕು ಬಿಡುವುದಕ್ಕಿಂತ ಒಳ್ಳೆಯದಲ್ವಾ?

ಹೋಟೆಲ್ ಹುಡುಗರಿಗೆ ಸಂಜೆ ಬಿಡುವಿಲ್ಲ, ಅವರ ಬಿಡುವು ಮಧ್ಯಾಹ್ನ ಮೂರರಿಂದ ಐದು. ಫೋರ್ಟ್, ದಾದರ್, ಮಾಟುಂಗಾ ಕಡೆ ಜಾಗ ಇರುವ ಸಂಘಗಳು ವಾರಕ್ಕೆ ಎರಡು ದಿನವಾದರೂ ಆ ಎರಡು ಗಂಟೆ ಅವರಿಗೆ ಕೊಡಲಿ. ಮಾಲಕರಾದವರಲ್ಲಿ ಇನ್ನೊಂದು ವಿನಂತಿ. ಹುಡುಗರ ಫೋನ್ ಕಸಿಯಬೇಡಿ, ಊರಿನ ಜೊತೆ ಅವರಿಗೆ ಇರುವ ದಾರಿ ಅದೊಂದೇ. ಸಂಬಳದ ಒಂದು ಪಾಲನ್ನು ಅವರ ಒಪ್ಪಿಗೆ ಕೇಳಿ ನೇರ ಮನೆಯವರ ಖಾತೆಗೆ ಹಾಕಿ. ನಾವು ಆ ಬೈಂದೂರಿನ ಹುಡುಗ ಹೋದ ಮೇಲೆ ಇದನ್ನು ಶುರುಮಾಡಿದೆವು, ಒಂಬತ್ತು ಜನರಲ್ಲಿ ಏಳು ಜನ ತಾವಾಗಿಯೇ ಒಪ್ಪಿದರು.

ಮತ್ತೆ ಉಪನ್ಯಾಸದ ಬಗ್ಗೆ. ಇಡಿ, ಬೇಡ ಎನ್ನುವುದಿಲ್ಲ. ಆದರೆ ಮುಂದಿನ ಸಲ ವೇದಿಕೆ ಬೇಡ. ಅಪ್ಪ ಅಮ್ಮಂದಿರು ಫೋನ್ ಹಿಡಿದು ಸುತ್ತ ಕೂರಲಿ, ತಿಳಿದ ಒಬ್ಬರು ಕೈಹಿಡಿದು ಹೇಳಿಕೊಡಲಿ, ಮಗುವಿನ ಫೋನಿಗೆ ಸಮಯದ ಮಿತಿ ಹೇಗೆ ಹಾಕುವುದು, ಯುಪಿಐ ಪಿನ್ ಹೇಗೆ ಬದಲಿಸುವುದು, ದುಡ್ಡು ಹೋದ ಪಟ್ಟಿ ಎಲ್ಲಿ ನೋಡುವುದು ಎಂದು. ನನ್ನ ಹೆಂಡತಿಗೆ ಇದನ್ನು ಕಲಿಸಿದ್ದು ಕೊನೆಗೆ ಮಗನೇ. ಆಮೇಲೆ ಮಕ್ಕಳನ್ನು ಮೇಲೆ ಕರೆಯಿರಿ. ಸಂಘದ ದೊಡ್ಡ ಪರದೆಯ ಮೇಲೆ ಅವರ ಆಟವನ್ನು ಅವರೇ ಎರಡು ಗಂಟೆ ಆಡಲಿ, ನಾವು ಕೂತು ನೋಡೋಣ. ಹೊಸ ಕಾನೂನು ಕೂಡ ಇ-ಸ್ಪೋರ್ಟ್ಸ್ ಅನ್ನು, ಎಂದರೆ ಸ್ಪರ್ಧೆಯಾಗಿ ಆಡುವ ಆನ್‌ಲೈನ್ ಆಟವನ್ನು, ಜೂಜಿನಿಂದ ಬೇರೆಯಾಗಿ ನೋಡಿ ಪ್ರೋತ್ಸಾಹ ಕೊಡಬೇಕು ಎನ್ನುತ್ತದೆ. ನಾನು ಒಂದು ರಾತ್ರಿ ಮಗನ ಪಕ್ಕ ಕೂತು ನೋಡಿದೆ. ತಂಡದಲ್ಲಿ ಒಬ್ಬ ಬಿದ್ದರೆ ಇವನು ಗುಂಡಿನ ನಡುವೆ ಓಡಿ ಹೋಗಿ ಅವನನ್ನು ಎಬ್ಬಿಸುತ್ತಾನೆ, ತನ್ನ ಹತ್ತಿರ ಇರುವ ಔಷಧಿ ಕೊಡುತ್ತಾನೆ. ಆ ಗುಣ ನನ್ನ ಮಗನಲ್ಲಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಕೊನೆಯದಾಗಿ ಒಂದು ಬೋರ್ಡು. ಟೆಲಿ ಮಾನಸ್ ಎಂದು ಸರಕಾರದ ಸಹಾಯವಾಣಿ ಇದೆ, 2022ರ ಅಕ್ಟೋಬರಿನಲ್ಲಿ ಶುರುವಾಯಿತು. ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಎನ್ನದೆ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 2014ರಿಂದ ಇಂಥ ಚಟಕ್ಕೆ ಎಂದೇ ಶಟ್ ಕ್ಲಿನಿಕ್ ಇದೆ, ಊರಿಗೆ ಹೋಗುವವರಿಗೆ ಅದೂ ಗೊತ್ತಿರಲಿ. ಈ ಎರಡು ಸಾಲನ್ನು ಸಭಾಗೃಹದ ಬಾಗಿಲ ಹತ್ತಿರ, ನಿಮ್ಮ ಹೋಟೆಲುಗಳ ಅಟ್ಟದ ಮೆಟ್ಟಿಲ ಹತ್ತಿರ ಬರೆಸಿ ಹಾಕಿ. ಆ ನಂಬರ್ ಆಗ ನಮಗೆ ಗೊತ್ತಿದ್ದರೆ ಎರಡು ವಾರ ಹಿಂದೆಮುಂದೆ ನೋಡುತ್ತಿರಲಿಲ್ಲ.

ಮಗ ಈಗ ಹೇಗಿದ್ದಾನೆ ಎಂದು ಕೇಳುವವರಿಗೆ: ಹತ್ತನೇ ತರಗತಿ. ದಿನಕ್ಕೆ ಒಂದೂವರೆ ಗಂಟೆ ಎಂದು ಅವನೇ ಒಪ್ಪಿಕೊಂಡ ಲೆಕ್ಕ, ಮೂರು ಮ್ಯಾಚ್. ಹುಬ್ಬಳ್ಳಿಯ ಗೆಳೆಯನಿಗೂ ಹೇಳಿದ್ದಾನೆ. ಎಲ್ಲ ದಿನ ಪಾಲಿಸುವುದಿಲ್ಲ, ದೀಪಾವಳಿ ರಜೆಯಲ್ಲಿ ಮತ್ತೆ ಹೊದಿಕೆಯೊಳಗೆ ಬೆಳಕು ಕಂಡಿತು. ನಾನು ವಾರಕ್ಕೆ ಮೂರು ದಿನ ಬೇಗ ಹೊರಡಲು ಧಣಿಗಳ ಹತ್ತಿರ ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ.

ಸಂಜೆ ಯಾರು ನಿಂತು ನೋಡಿಕೊಳ್ಳುತ್ತಾರೆ ಎಂಬುದೇ ತೊಂದರೆಯಾದರೆ, ಮಂಗಳವಾರ ನಾನು ಬರುತ್ತೇನೆ. ಆರಕ್ಕೆ ಬಾಗಿಲು ತೆಗೆದು ಒಂಬತ್ತೂವರೆಗೆ ಗುಡಿಸಿ, ಬೀಗ ಹಾಕಿ, ಚಾವಿಯನ್ನು ವಾಚ್‌ಮನ್ ಕೈಗೆ ಕೊಟ್ಟು ಹೋಗುತ್ತೇನೆ. ಗುರುವಾರಕ್ಕೆ ನಮ್ಮ ಕಟ್ಟಡದ ಇನ್ನೊಬ್ಬರು, ನಿವೃತ್ತ ಬ್ಯಾಂಕಿನವರು, ಒಪ್ಪಿದ್ದಾರೆ. ಉಳಿದ ದಿನಗಳಿಗೆ ಸಮಿತಿಯವರು ಜನ ಹುಡುಕಲಿ. ಎರಡು ಹೊಸ ಬ್ಯಾಟು, ಒಂದು ಡಬ್ಬಿ ಚೆಂಡು ನಾನು ತಂದಿಟ್ಟಿದ್ದೇನೆ. ಮುಂದಿನ ಸಮಿತಿ ಸಭೆಯಲ್ಲಿ ದಯವಿಟ್ಟು ಈ ಪತ್ರ ಓದಿಸಿ, ಚಾವಿಯ ವಿಷಯ ಏನಾಯಿತು ಎಂದು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಹೋಟೆಲ್ ಕೆಲಸಗಾರ
ಡೊಂಬಿವಲಿ ಪೂರ್ವ